ಐದು ಮಕ್ಕಳೋ, ಏಳು ಮಕ್ಕಳೋ

ಘಾನಾ ದೇಶದ ಉತ್ತರ ಭಾಗದಲ್ಲಿ ಗೊಂಜಾ ಎಂಬ ಹಳೆಯ ರಾಜ್ಯ. ಅದನ್ನು ಕಟ್ಟಿದವನು ಜಕ್ಪಾ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರ ಆಡಳಿತ ಅಲ್ಲಿಗೆ ಕಾಲಿಟ್ಟು ಕಥೆಯನ್ನು ಬರೆದುಕೊಂಡಾಗ ಜಕ್ಪಾನಿಗೆ ಏಳು ಗಂಡುಮಕ್ಕಳಿದ್ದರು, ಒಬ್ಬೊಬ್ಬರಿಗೆ ಒಂದೊಂದು ಸೀಮೆ. ರಾಜ್ಯದಲ್ಲಿ ಆಗ ಇದ್ದದ್ದೂ ಏಳೇ ಸೀಮೆ. ಅರವತ್ತು ವರ್ಷ ಕಳೆದು ಅದೇ ಕಥೆಯನ್ನು ಮತ್ತೆ ಬರೆದುಕೊಳ್ಳುವ ಹೊತ್ತಿಗೆ ಮಕ್ಕಳು ಐದಾಗಿದ್ದರು. ನಡುವೆ ಎರಡು ಸೀಮೆ ಅಳಿದಿದ್ದವು. ದಂಡೆತ್ತಿ ಬಂದ ಸಮೋರಿಯ ಪಕ್ಷ ಹಿಡಿದ ತಪ್ಪಿಗೆ ಒಂದನ್ನು ನೆರೆಯ ಸೀಮೆಗೆ ಸೇರಿಸಿದ್ದರು. ಇನ್ನೊಂದು ಬ್ರಿಟಿಷರು ಗಡಿ ತಿದ್ದಿದಾಗ ಹೋಯಿತು. ಸೀಮೆಗಳ ಜೊತೆಗೆ ಇಬ್ಬರು ರಾಜಕುಮಾರರೂ ಹೋದರು. ಸತ್ತರು ಎಂದಲ್ಲ, ಹುಟ್ಟಿಯೇ ಇರಲಿಲ್ಲ.

ಮಾನವಶಾಸ್ತ್ರಜ್ಞ ಜ್ಯಾಕ್ ಗುಡಿ, ಇಯಾನ್ ವಾಟ್ ಜೊತೆಗೂಡಿ 1963ರಲ್ಲಿ ಬರೆದ ಪ್ರಬಂಧದಲ್ಲಿ ಈ ಪ್ರಸಂಗ ಬರುತ್ತದೆ. ವಿದ್ವಾಂಸ ವಾಲ್ಟರ್ ಆಂಗ್ ಇದನ್ನು 1982ರ ತಮ್ಮ ಪುಸ್ತಕಕ್ಕೆ ಎತ್ತಿಕೊಂಡರು. ಅಲ್ಲಿಂದ ಮುಂದೆ, ಅಕ್ಷರವಿಲ್ಲದವರ ನೆನಪು ಇಂದಿಗೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಉದುರಿಸುತ್ತದೆ ಎಂದು ಹೇಳಬೇಕಾದವರಿಗೆಲ್ಲ ಜಕ್ಪಾನ ಮಕ್ಕಳೇ ಉದಾಹರಣೆ. ಮಾತು ಜಾರುತ್ತದೆ, ಕಾಗದ ನಿಲ್ಲುತ್ತದೆ ಎಂದು ಪಾಠ ಮುಗಿಯುತ್ತದೆ.

ನನಗೆ ತಕರಾರು ಇರುವುದು ಈ ಪಾಠದ ಬಗ್ಗೆ. ಐದು ಸೀಮೆಗೆ ಐದು ಮಕ್ಕಳು ಎಂಬುದು ಅಂದಿನ ಅನುಕೂಲಕ್ಕೆ ಹೊಲಿದ ಕಥೆಯಾದರೆ, ಏಳು ಸೀಮೆಗೆ ಏಳು ಮಕ್ಕಳು ಎಂಬುದು ಏನು? ಅದೂ ಅಷ್ಟೇ ಅಚ್ಚುಕಟ್ಟಾಗಿ ಕೂರುತ್ತದಲ್ಲ. ಹೊಸ ಅಧಿಕಾರಿ ಬಂದಿದ್ದಾನೆ, ಯಾವ ನೆಲ ಯಾರದೆಂದು ತಿಳಿಯಲು ಹೊರಟಿದ್ದಾನೆ ಎನ್ನುವಾಗ ಜಕ್ಪಾನಿಗೆ ನಿಜವಾಗಿ ಎಷ್ಟು ಮಕ್ಕಳು ಎಂದು ಯಾವ ದೊರೆ ತಲೆ ಕೆಡಿಸಿಕೊಂಡಾನು? ಕಾಗದ ಉಳಿಸಿಕೊಟ್ಟದ್ದು ಜಕ್ಪಾನ ಸಂಸಾರದ ವಿವರವನ್ನಲ್ಲ, ಅಧಿಕಾರಿ ಬಂದ ಕಾಲದ ರಾಜಕೀಯವನ್ನು. ಎರಡೂ ಕಾಲದ ಕಥೆಗಳನ್ನು ಹೋಲಿಸಲು ಬಂದದ್ದು ಬರಹದಿಂದ, ಅದನ್ನು ಒಪ್ಪುತ್ತೇನೆ. ಆದರೆ ಮೊದಲು ಬರೆದದ್ದು ಅಳತೆಗೋಲು, ಆಮೇಲೆ ಹೇಳಿದ್ದು ಅದರಿಂದ ತಪ್ಪಿದ್ದು ಎನ್ನಲು ಆ ಹೋಲಿಕೆಯಲ್ಲಿ ಆಧಾರವಿಲ್ಲ.

ನೈಜೀರಿಯಾದ ಟಿವ್ ಜನರ ನಡುವೆ ಈ ಅಳತೆಗೋಲಿನ ಭ್ರಮೆ ಜಗಳಕ್ಕೇ ಕಾರಣವಾಯಿತು. ಮಾನವಶಾಸ್ತ್ರಜ್ಞೆ ಲಾರಾ ಬೊಹಾನನ್ 1952ರಲ್ಲಿ ಇದನ್ನು ವಿವರಿಸಿದ್ದಾರೆ. ನ್ಯಾಯ ತೀರ್ಮಾನಕ್ಕೆ ವಂಶಾವಳಿ ಮುಖ್ಯ ಎಂದು ಕಂಡ ಬ್ರಿಟಿಷ್ ಅಧಿಕಾರಿಗಳು ಉದ್ದುದ್ದ ವಂಶಾವಳಿಗಳನ್ನು ದಫ್ತರಕ್ಕೆ ಏರಿಸಿದ್ದರು. ನಲವತ್ತು ವರ್ಷದ ಬಳಿಕ ಟಿವ್ ಹಿರಿಯರು ಅವು ತಪ್ಪು ಎಂದರು. ನಿಮ್ಮ ಅಪ್ಪಂದಿರೇ ಬರೆಸಿದ್ದು, ಇದೇ ಸರಿ ಎಂದರು ಅಧಿಕಾರಿಗಳು. ಮನೆತನಗಳು ಒಡೆದು ಕೂಡಿ ಬೆಳೆದಂತೆ ವಂಶಾವಳಿಯೂ ಮರುಜೋಡಣೆಯಾಗುತ್ತಿತ್ತು. ಇಂದು ಯಾರ ಪರವಾಗಿ ಯಾರು ನಿಲ್ಲಬೇಕು ಎಂಬುದನ್ನು ತಿಳಿಸುವುದೇ ಅದರ ಕೆಲಸ. ಅಧಿಕಾರಿಗಳು ಅದನ್ನು ಜನನ ನೋಂದಣಿಯಂತೆ ಓದಿದರು. ಹಾಗೆ ಓದಿದ್ದರಿಂದ ದಫ್ತರ ಪ್ರಾಮಾಣಿಕವಾಗಲಿಲ್ಲ, ಹಳೆಯದಾಯಿತು ಅಷ್ಟೇ.

ಗುಡಿಯವರ ಪ್ರಬಂಧ ಬಂದ ವರ್ಷವೇ ಆಕ್ಸ್‌ಫರ್ಡಿನ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್, ಆಫ್ರಿಕಾದಲ್ಲಿ ಯುರೋಪಿಯನ್ನರ ಇತಿಹಾಸ ಮಾತ್ರ ಇದೆ, ಉಳಿದದ್ದು ಕತ್ತಲೆ ಎಂಬರ್ಥದ ಮಾತಾಡಿ ಕುಖ್ಯಾತರಾದರು. ಅವರಿಗೆ ಉತ್ತರ ಎರಡು ವರ್ಷ ಮೊದಲೇ ಅಚ್ಚಾಗಿತ್ತು. ಮಧ್ಯಯುಗದ ಯುರೋಪಿನ ಇತಿಹಾಸ ಓದಿದ್ದ ಬೆಲ್ಜಿಯಂನ ಯಾನ್ ವಾನ್ಸಿನಾ ಕಾಂಗೋದ ಕುಬಾ ಜನರ ನಡುವೆ ಇದ್ದು ಬಂದವರು. ಹಸ್ತಪ್ರತಿಗಳನ್ನು ಪರಿಶೀಲಿಸುವ ಕ್ರಮದಲ್ಲೇ ಬಾಯಿಮಾತನ್ನೂ ಪರಿಶೀಲಿಸಬಹುದು ಎಂಬುದು 1961ರ ಅವರ ಪುಸ್ತಕದ ವಾದ: ಯಾರಿಂದ ಯಾರಿಗೆ ಬಂತು, ಪಾಠಾಂತರ ಎಷ್ಟು, ಹೇಳುವವನಿಗೆ ಏನು ಲಾಭ. ವಾದ ದೊಡ್ಡದು, ಆದರೆ ಅದರಲ್ಲೊಂದು ಅಂಜಿಕೆಯೂ ಇದೆ ಅನ್ನಿಸುತ್ತದೆ. ಮಾತಿಗೆ ಮರ್ಯಾದೆ ಸಿಗಬೇಕಾದರೆ ಅದು ಹಸ್ತಪ್ರತಿಯ ವೇಷ ಹಾಕಲೇಬೇಕೇ? 1985ರಲ್ಲಿ ಇದೇ ವಿಷಯವನ್ನು ಹೊಸದಾಗಿ ಬರೆಯುವಾಗ ಅವರು ಹೆಚ್ಚು ಎಚ್ಚರ ವಹಿಸಿದರು.

ಬರೆದವನ ಲಾಭವನ್ನೂ ಕೇಳಬೇಕು ಎನ್ನುವುದಕ್ಕೆ ಉಗಾಂಡಾದ ಬುಗಾಂಡಾ ರಾಜ್ಯ ಸಾಕ್ಷಿ. ಅಲ್ಲಿನ ರಾಜರ ಚರಿತ್ರೆಯನ್ನು ಲುಗಾಂಡಾ ಭಾಷೆಯಲ್ಲಿ 1901ರಲ್ಲಿ ಅಚ್ಚು ಹಾಕಿಸಿದ ಅಪೋಲೊ ಕಗ್ವಾ ಆ ರಾಜ್ಯದ ಪ್ರಧಾನಿ, ಎಳೆಯ ರಾಜನ ಪರವಾಗಿ ಆಳುತ್ತಿದ್ದವರಲ್ಲಿ ಒಬ್ಬರು. ಹಿಂದಿನ ವರ್ಷವಷ್ಟೇ ಬ್ರಿಟಿಷರ ಜೊತೆ ಒಪ್ಪಂದವಾಗಿ, ಸುಮಾರು ಸಾವಿರ ನಾಯಕರಿಗೂ ಭೂಮಾಲೀಕರಿಗೂ ಎಂಟು ಸಾವಿರ ಚದರ ಮೈಲಿ ನೆಲ ಎಂದು ಗೊತ್ತಾಗಿತ್ತು. ಆ ಹಂಚಿಕೆಯ ನಡುವೆ ನಿಂತವರಲ್ಲಿ ಕಗ್ವಾ ಪ್ರಮುಖರು. 1920ರ ದಶಕದಲ್ಲಿ ಕುಲಗಳ ಹಿರಿಯರು ಎದ್ದು ನಿಂತರು: ನಮ್ಮ ಹಿರೀಕರ ಗೋರಿಗಳಿರುವ ನೆಲ ಇನ್ಯಾರದೋ ಹೆಸರಿಗೆ ಹೋಗಿದೆ ಎಂಬುದು ಅವರ ದೂರು. ಕಗ್ವಾರ ಬಳಿ ಮುದ್ರಿತ ಪುಸ್ತಕವಿತ್ತು, ಒಪ್ಪಂದಪತ್ರವಿತ್ತು. ಹಿರಿಯರ ಬಳಿ ಗೋರಿಗಳೂ ಅವುಗಳಲ್ಲಿ ಮಲಗಿದವರ ಹೆಸರುಗಳೂ ಇದ್ದವು. ಪುಸ್ತಕ ಮುದ್ರಿತವಾದ್ದರಿಂದ ಅದರ ಕಡೆ ವಾಲುವ ಇತಿಹಾಸಕಾರ ಪುರಾವೆಯ ತೂಕ ನೋಡುತ್ತಿಲ್ಲ, ಅಧಿಕಾರದ ಪಕ್ಕ ಹೋಗಿ ನಿಲ್ಲುತ್ತಿದ್ದಾನೆ.

ಹಾಗಾದರೆ ಯಾರ ಲಾಭಕ್ಕೂ ಬಾಗದ ಸಾಕ್ಷಿ ಉಂಟೇ? ಭಾಷೆಯಲ್ಲಿ ಒಂದಿಷ್ಟು ಉಂಟು. ದಕ್ಷಿಣ ಆಫ್ರಿಕಾದ ಷೋಸಾ, ಜುಲು ಭಾಷೆಗಳು ಬಾಂಟು ಕುಟುಂಬದವು, ಉತ್ತರದಿಂದ ಇಳಿದು ಬಂದವರ ನುಡಿ. ಆದರೆ ಅವುಗಳಲ್ಲಿ ನಾಲಿಗೆಯನ್ನು ಹಲ್ಲಿಗೋ ಅಂಗುಳಕ್ಕೋ ಒತ್ತಿ ಲೊಚಗುಟ್ಟುವ ವ್ಯಂಜನಗಳಿವೆ. ಬಾಂಟು ಭಾಷೆಗಳಲ್ಲಿ ಬಹುಪಾಲಿಗೆ ಅವು ಗೊತ್ತೇ ಇಲ್ಲ. ಮೊದಲೇ ಆ ನೆಲದಲ್ಲಿದ್ದ ಖೋಯ್‌ಖೋಯ್, ಸಾನ್ ಜನರ ಮಾತಿನಿಂದ ಬಂದವು. ಬಂದ ದಾರಿಯ ಬಗ್ಗೆ ವಿದ್ವಾಂಸರ ಒಂದು ವಿವರಣೆ ನನಗೆ ಬಹಳ ಹಿಡಿಸಿದ್ದು. ಸೊಸೆಯಾದವಳು ಮಾವನ ಹೆಸರನ್ನಿರಲಿ, ಆ ಹೆಸರಿನ ಉಚ್ಚಾರಗಳನ್ನೂ ಆಡಬಾರದೆಂಬ ಹ್ಲೋನಿಫ ಎಂಬ ಪದ್ಧತಿ ಅಲ್ಲಿದೆ. ಬಿಟ್ಟ ಉಚ್ಚಾರದ ಜಾಗಕ್ಕೆ ನೆರೆಯವರ ಲೊಚಗುಟ್ಟುವ ಧ್ವನಿಗಳು ಒದಗಿದವು, ಹೆಂಗಸರ ಬಾಯಿಂದ ಮಕ್ಕಳ ಬಾಯಿಗೆ ದಾಟಿದವು. ಯಾವ ಆಸ್ಥಾನವೂ ಇದನ್ನು ಹಾಡಿಸಲಿಲ್ಲ, ಯಾವ ಅಧಿಕಾರಿಯೂ ಬರೆಸಿಕೊಳ್ಳಲಿಲ್ಲ. ತಾವು ಏನನ್ನೋ ಉಳಿಸುತ್ತಿದ್ದೇವೆ ಎಂದು ಮಾತಾಡುವವರಿಗೇ ತಿಳಿದಿರಲಿಲ್ಲ, ಹಾಗಾಗಿ ತಿದ್ದುವ ಪ್ರಶ್ನೆಯೂ ಬರಲಿಲ್ಲ.

ಈ ಸಾಕ್ಷಿಗೂ ಮಿತಿಯಿದೆ. ಎರಡು ಜನಾಂಗ ಒಟ್ಟಿಗೆ ಬಾಳಿದವು ಎಂದು ಧ್ವನಿ ಹೇಳೀತು. ಪ್ರೀತಿಯಿಂದಲೋ ಬಲವಂತದಿಂದಲೋ, ಯಾವ ಇಸವಿಯಲ್ಲೋ ಹೇಳಲಾರದು. ಅದಕ್ಕೆ ಮತ್ತೆ ಜನರನ್ನೇ ಕೇಳಬೇಕು. ಏನನ್ನು ಕೇಳುತ್ತೇವೆ ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಮೂಲಪುರುಷ ಯಾರು, ಮೊದಲು ಬಂದವರು ಯಾರು ಎಂದು ಕೇಳಿದರೆ ಇಂದಿನ ಹಕ್ಕಿನ ವಾದವೇ ಉತ್ತರವಾಗಿ ಬರುತ್ತದೆ. ಯಾರು ಯಾರ ಅಪ್ಪಣೆ ಪಡೆಯುತ್ತಿದ್ದರು ಎಂದು ಕೇಳಿದರೆ, ಅಪ್ಪಣೆ ಕೊಟ್ಟವರನ್ನೂ ಬೇಡಿದವರನ್ನೂ ಹೊರಗಿನ ದಾಖಲೆಯನ್ನೂ ಒಂದಕ್ಕೊಂದು ತಾಳೆ ನೋಡಬಹುದು.

ದಕ್ಷಿಣ ಆಫ್ರಿಕಾದ ವಾಯವ್ಯ ಮೂಲೆಯ ರಿಖ್ಟರ್ಸ್‌ವೆಲ್ಡ್ ಮೊಕದ್ದಮೆಯಲ್ಲಿ ಇಂಥ ಪ್ರಶ್ನೆಯೇ ತೂಕಕ್ಕೆ ಬಂತು. ನಾಮಾ ದನಗಾಹಿಗಳ ಆ ನೆಲವನ್ನು 1847ರಲ್ಲಿ ಬ್ರಿಟಿಷರು ಸೇರಿಸಿಕೊಂಡರು. 1920ರ ದಶಕದಲ್ಲಿ ವಜ್ರ ಸಿಕ್ಕ ಮೇಲೆ ಜನರನ್ನು ಹೊರಗಿಟ್ಟರು. 2003ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಬರೆಯದ ಸ್ಥಳೀಯ ಕಾನೂನೂ ಕಾನೂನೇ ಎಂದು ಹೇಳಿ, ಮೇವಿಗೆ ಬರುವ ಹೊರಗಿನವರು ಆ ಸಮುದಾಯದ ಅನುಮತಿ ಪಡೆಯಬೇಕಿತ್ತು ಎಂಬುದನ್ನು ಒಡೆತನದ ಪುರಾವೆಗಳಲ್ಲಿ ಒಂದಾಗಿ ಒಪ್ಪಿತು. ಹೊರಗಿನವರು ಬರೆದಿಟ್ಟ ವಿವರಣೆಗಳನ್ನು ಬಳಸುವಾಗ ಎಚ್ಚರ ಬೇಕೆಂದೂ ಹೇಳಿತು. ಆ ಒಡೆತನ 1847ರ ನಂತರವೂ ಅಳಿದಿರಲಿಲ್ಲ, ನೆಲದಡಿಯ ಖನಿಜವೂ ಅದರಲ್ಲಿ ಸೇರಿತ್ತು ಎಂಬುದು ತೀರ್ಪು.