ಬಯೋಡಾಟಾ ಮತ್ತು ಸತ್ಯ

ನನ್ನ ತಮ್ಮನ ಮಗಳು ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ. ಮೊನ್ನೆ ಮನೆಗೆ ಬಂದವಳು ಮೂರು ಹಾಳೆಗಳನ್ನು ನನ್ನ ಮುಂದಿಟ್ಟಳು. ಮೂರೂ ಅವಳದೇ ಬಯೋಡಾಟಾ. ಒಂದು ಮಂಗಳೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಗೆ, ಒಂದು ಬೆಂಗಳೂರಿನ ಕಂಪೆನಿಗೆ, ಒಂದು ಕೊಚ್ಚಿಗೆ. ಮಂಗಳೂರಿನದರಲ್ಲಿ ಟ್ಯಾಲಿ ಕಲಿತದ್ದು ಎಲ್ಲಕ್ಕಿಂತ ಮೇಲಿತ್ತು. ಬೆಂಗಳೂರಿನದರಲ್ಲಿ ಇಂಗ್ಲಿಷ್ ಮುಂದೆ ಬಂದು, ಅವಳು ಹತ್ತು ವರ್ಷ ಓದಿದ ಕನ್ನಡ ಮಾಧ್ಯಮದ ಶಾಲೆ ಮಾಯವಾಗಿತ್ತು. ಕೊಚ್ಚಿಯದರಲ್ಲಿ ಮಲಯಾಳದ ಎದುರು ಓದಲು, ಬರೆಯಲು, ಮಾತನಾಡಲು ಎಂಬ ಮೂರು ಅಂಕಣಗಳಲ್ಲೂ ಗುರುತು ಹಾಕಿದ್ದಳು.

"ಕೆಲಸಕ್ಕೆ ತಕ್ಕ ಹಾಗೆ ಬರೀಬೇಕಂತೆ ದೊಡ್ಡಪ್ಪ, ಎಲ್ಲರೂ ಹೀಗೇ ಮಾಡುವುದು. ಆದರೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೇ ಒಂಥರಾ ಆಗ್ತದೆ. ಇದು ಸುಳ್ಳಾ?" ಎಂದು ಕೇಳಿದಳು.

ಪ್ರಶ್ನೆ ಸಣ್ಣದಲ್ಲ. ಒಬ್ಬಳೇ ಹುಡುಗಿ ಮೂವರಾಗಿ ಕಾಣಿಸಿಕೊಳ್ಳಬಹುದೇ?

ಕಾಣಿಸಿಕೊಳ್ಳಬಹುದು ಎಂದೇ ನನ್ನ ಮೊದಲ ಉತ್ತರ. ಈಗ ಹೆಚ್ಚಾಗಿ ಕೇಳಿಬರುವ ರೆಸ್ಯೂಮೆ ಎಂಬ ಫ್ರೆಂಚ್ ಮಾತಿಗೆ ಸಾರಾಂಶವೆಂದು ಅರ್ಥ. ಸಾರಾಂಶವೆಂದ ಮೇಲೆ ಬಿಡುವುದು ಇದ್ದೇ ಇದೆ. ಲಿಯೊನಾರ್ಡೊ ಡ ವಿಂಚಿ 1482ರ ಸುಮಾರಿಗೆ ಮಿಲಾನಿನ ಆಳುಗ ಲುದೊವಿಕೊ ಸ್ಫೋರ್ಜಾನಿಗೆಂದು ಸಿದ್ಧಪಡಿಸಿದ ಅರ್ಜಿಯ ಕರಡು ಇಂದಿಗೂ ಉಳಿದಿದೆ. ಅದರಲ್ಲಿ ಹೊತ್ತೊಯ್ಯಬಹುದಾದ ಸೇತುವೆ, ಕೋಟೆ ಮುರಿಯುವ ಉಪಾಯ, ಫಿರಂಗಿ, ಮುಚ್ಚಿದ ರಥ ಎಂದು ಯುದ್ಧದ ವಿಷಯವೇ ಸಾಲುಸಾಲಾಗಿ ಬರುತ್ತದೆ. ಜಗತ್ತು ಅವನನ್ನು ನೆನೆಯುವುದು ಚಿತ್ರಕಾರನೆಂದು. ಆ ಚಿತ್ರಕಲೆಯ ಮಾತು ಬರುವುದು ಕೊನೆಯ ಭಾಗದಲ್ಲಿ. ದೊರೆಗೆ ಬೇಕಾದದ್ದು ಯುದ್ಧದ ಯಂತ್ರವೆಂದು ಅವನಿಗೆ ಗೊತ್ತಿತ್ತು. ಆದರೆ ಆ ಅರ್ಜಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಇವುಗಳಲ್ಲಿ ಯಾವುದಾದರೂ ಅಸಾಧ್ಯವೆಂದು ತೋರಿದರೆ ಮಾಡಿ ತೋರಿಸಲು ಸಿದ್ಧನಿದ್ದೇನೆಂದು ಅವನು ಮುಗಿಸುತ್ತಾನೆ. ಪರೀಕ್ಷೆಗೆ ಒಡ್ಡಿಕೊಳ್ಳುವ ಧೈರ್ಯವಿದ್ದವನು ಯಾವುದನ್ನು ಮುಂದಿಟ್ಟರೂ ತಪ್ಪಿಲ್ಲ.

ನಮ್ಮ ಊರಿನ ಉದಾಹರಣೆಯೇ ಬೇಕಿದ್ದರೆ ತಾಳಮದ್ದಳೆಯನ್ನು ನೋಡಬಹುದು. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿನ್ನೆ ಕರ್ಣನ ಪರವಾಗಿ ವಾದಿಸಿದ ಅರ್ಥಧಾರಿ ಇಂದು ಕೃಷ್ಣನಾಗಿ ಕುಳಿತು ಕರ್ಣನನ್ನೇ ಖಂಡಿಸುತ್ತಾನೆ. ಅವನನ್ನು ಸುಳ್ಳುಗಾರನೆಂದು ಯಾರೂ ಕರೆಯುವುದಿಲ್ಲ, ಏಕೆಂದರೆ ಅದು ಅರ್ಥಗಾರಿಕೆಯೆಂದು ಸಭೆಗೆ ತಿಳಿದಿದೆ. ಅರ್ಜಿಯಲ್ಲಿಯೂ ಸ್ವಲ್ಪ ಅರ್ಥಗಾರಿಕೆ ಇರುತ್ತದೆಂದು ಕೆಲಸ ಕೊಡುವವನಿಗೆ ಗೊತ್ತು. ತನ್ನ ಒಳ್ಳೆಯದನ್ನೇ ಮುಂದಿಟ್ಟಿದ್ದಾಳೆಂದು ಅವನು ಲೆಕ್ಕ ಹಾಕಿಕೊಂಡೇ ಓದುತ್ತಾನೆ. ಆದರೆ ಇಲ್ಲದ್ದನ್ನು ಇದೆಯೆಂದು ಬರೆದಿದ್ದಾಳೆಂದು ಅವನು ಲೆಕ್ಕ ಹಾಕಿರುವುದಿಲ್ಲ. ಗೆರೆ ಇರುವುದು ಅಲ್ಲಿ.

ಆ ಗೆರೆ ಬರೇ ಪದಗಳ ಗೆರೆಯೂ ಅಲ್ಲ. ಅಶ್ವತ್ಥಾಮ ಸತ್ತನೆಂದು ಧರ್ಮರಾಯ ಗಟ್ಟಿಯಾಗಿ ಹೇಳಿ, ಆನೆಯೆಂಬುದನ್ನು ಮೆಲ್ಲಗೆ ಹೇಳಿದ. ಮಾತುಗಳಲ್ಲಿ ಸುಳ್ಳಿರಲಿಲ್ಲ, ಆದರೂ ನೆಲದಿಂದ ನಾಲ್ಕು ಅಂಗುಲ ಮೇಲೆ ನಿಲ್ಲುತ್ತಿದ್ದ ಅವನ ರಥ ಕೆಳಗಿಳಿಯಿತು. ನಾನು ಹೇಳಿದ್ದು ನಿಜವೇ ಎಂದು ಕೇಳಿಕೊಂಡರೆ ಸಾಲದು. ಕೇಳಿದವನು ಏನು ನಂಬಿಕೊಂಡು ಹೋದ, ಆ ನಂಬಿಕೆಯಿಂದ ಯಾರಿಗೆ ಏಟು ಬಿತ್ತು ಎಂದೂ ಕೇಳಬೇಕು.

ಈ ಮಾತನ್ನು ಹೇಳುವ ಅಧಿಕಾರ ನನಗೆ ಬಂದದ್ದು ಪುರಾಣದಿಂದಲ್ಲ, ನನ್ನದೇ ತಪ್ಪಿನಿಂದ. ಎಷ್ಟೋ ವರ್ಷಗಳ ಹಿಂದೆ ಸಾಲ ಕೊಡುವ ಒಂದು ಸಂಸ್ಥೆಗೆ ಗುಮಾಸ್ತನಾಗಲು ಅರ್ಜಿ ಹಾಕುವಾಗ ಮಲಯಾಳದ ಮೂರೂ ಅಂಕಣಗಳಲ್ಲಿ ನಾನೂ ಗುರುತು ಹಾಕಿದ್ದೆ. ಮಾತು ಬರುತ್ತಿತ್ತು, ಅಚ್ಚಿನ ಅಕ್ಷರವನ್ನು ಕೂಡಿಸಿ ಓದುತ್ತಿದ್ದೆ, ಅಷ್ಟೇ. ಕೆಲಸ ಸಿಕ್ಕಿತು. ಒಂದು ದಿನ ಮುದುಕರೊಬ್ಬರು ಕೈಬರಹದ ಮಲಯಾಳ ಪತ್ರವೊಂದನ್ನು ಮೇಜಿನ ಮೇಲಿಟ್ಟು ಹೋದರು. ಕೂಡಕ್ಷರಗಳ ಆ ಬರಹ ನನಗೆ ತಿಳಿಯಲಿಲ್ಲ. ಇನ್ನೊಬ್ಬರಲ್ಲಿ ಓದಿಸಿದರೆ ಗುಟ್ಟು ರಟ್ಟಾದೀತೆಂದು ಫೈಲಿನಡಿ ಇಟ್ಟೆ. ಅವರು ಕಂತಿಗೆ ಒಂದು ತಿಂಗಳ ವಾಯಿದೆ ಕೇಳಿದ್ದರು. ಉತ್ತರ ಹೋಗಲಿಲ್ಲ, ದಂಡಬಡ್ಡಿ ಬಿತ್ತು. ಅವರು ಯಾರನ್ನೂ ಬೈಯದೆ ಎಣಿಸಿ ಕೊಟ್ಟು ಹೋದರು. ನಾನು ಹಾಕಿದ ಒಂದು ಗುರುತಿನ ಬೆಲೆಯನ್ನು ತೆತ್ತವರು ಅವರು.

ಇದನ್ನು ನಾವು, ಕಾಸರಗೋಡಿನ ಕನ್ನಡಿಗರು, ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳಬೇಕು. 1956ರಲ್ಲಿ ಗಡಿ ಬದಲಾದ ಮೇಲೆ ಕನ್ನಡ ಗೊತ್ತಿರುವವರನ್ನೇ ಇಲ್ಲಿಗೆ ನೇಮಿಸಿರೆಂದು ಕೇಳುತ್ತ ಬಂದವರು ನಾವು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದುಂಟು. ಆಗ ನಮ್ಮ ದೂರು ಏನು? ಕಾಗದದಲ್ಲಿ ಅರ್ಹತೆ ಇದೆ, ಕರಿಹಲಗೆಯ ಮುಂದೆ ಭಾಷೆ ಇಲ್ಲ ಎಂದಲ್ಲವೇ? ಅದೇ ನ್ಯಾಯ ಕೊಚ್ಚಿಯ ಮೇಜಿನ ಮುಂದೆ ನಿಂತ ಮಲಯಾಳಿಗೂ ಸಲ್ಲಬೇಕು. ನಮಗೆ ಅನ್ಯಾಯವೆನಿಸಿದ್ದನ್ನು ನಾವು ಇನ್ನೊಬ್ಬರಿಗೆ ಮಾಡಿದರೆ ನಮ್ಮ ಬೇಡಿಕೆಯ ಬಲವೇ ಕುಸಿಯುತ್ತದೆ.

"ಆದರೆ ಎಲ್ಲರೂ ಉಬ್ಬಿಸಿ ಬರೆಯುವಾಗ ನಾನೊಬ್ಬಳು ಸತ್ಯ ಬರೆದರೆ ಕೆಲಸ ಅವರಿಗೇ ಅಲ್ವಾ?" ಎಂದಳು ಹುಡುಗಿ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಈಗ ಅನೇಕ ದೊಡ್ಡ ಕಂಪೆನಿಗಳಲ್ಲಿ ಅರ್ಜಿಗಳನ್ನು ಮೊದಲು ಸೋಸುವುದು ಕಂಪ್ಯೂಟರ್. ಜಾಹೀರಾತಿನ ಪದಗಳು ಅರ್ಜಿಯಲ್ಲಿ ಇಲ್ಲವೆಂದರೆ ಮನುಷ್ಯರ ಕಣ್ಣಿಗೆ ಬೀಳದೆಯೂ ಹೋಗಬಹುದು. ಸತ್ಯಕ್ಕೆ ನಷ್ಟವಿಲ್ಲವೆಂದು ಹೇಳಿದರೆ ಅದೇ ಒಂದು ಸುಳ್ಳಾದೀತು.

ಆದರೆ ಅವಳ ಮೂರು ಹಾಳೆಗಳಲ್ಲಿ ಇನ್ನೊಂದು ದೋಷವೂ ಇತ್ತು, ಅವಳು ಅದನ್ನು ಗಮನಿಸಿರಲಿಲ್ಲ. ಇಲ್ಲದ್ದನ್ನು ಸೇರಿಸಿದ್ದವಳು ಇದ್ದದ್ದನ್ನು ಬಿಟ್ಟಿದ್ದಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರ ಮಲಯಾಳವನ್ನು ತುಳುವಿಗೆ, ಅಜ್ಜಿಯ ತುಳುವನ್ನು ಮಲಯಾಳಕ್ಕೆ ದಾಟಿಸುವವಳು ಅವಳೇ. ಸಪ್ತಭಾಷೆಗಳ ನಾಡೆಂದು ಭಾಷಣದಲ್ಲಿ ಹೊಗಳಿಕೊಳ್ಳುವ ನಾವು ಮಕ್ಕಳ ಬಯೋಡಾಟಾದಲ್ಲಿ ಅದನ್ನು ಬಡತನದಂತೆ ಬಚ್ಚಿಡುತ್ತೇವೆ. ಕೆಲಸಕ್ಕೆ ತಕ್ಕಂತೆ ಬರೆಯುವುದೆಂದರೆ ನಮ್ಮಲ್ಲಿ ನಿಜವಾಗಿ ಇರುವುದರಲ್ಲಿ ಅವರಿಗೆ ಉಪಯೋಗವಾಗುವುದು ಯಾವುದೆಂದು ಹುಡುಕುವುದು. ಅದಕ್ಕೆ ಶ್ರಮ ಬೇಕು. ಸುಳ್ಳು ಅನೇಕ ಬಾರಿ ಆ ಶ್ರಮವನ್ನು ತಪ್ಪಿಸುವ ಅಡ್ಡದಾರಿ ಮಾತ್ರ.

ಬೆಂಗಳೂರಿನ ಹಾಳೆಯಲ್ಲಿ ಬಿಟ್ಟ ಶಾಲೆಯ ಮಾತು? ಕೇಳದ್ದನ್ನು ಹೇಳದಿರುವುದು ಸುಳ್ಳಲ್ಲ, ಕೇಳಿದಾಗ ಮರೆಮಾಚದಿದ್ದರಾಯಿತು. ಜಾಗವಿಲ್ಲವೆಂದು ಬಿಟ್ಟರೆ ಚಿಂತೆಯಿಲ್ಲ. ನಾಚಿಕೆಯಿಂದ ಬಿಟ್ಟದ್ದಾದರೆ ಮೋಸ ಹೋದದ್ದು ಕಂಪೆನಿಯಲ್ಲ, ತನಗೆ ಅಕ್ಷರ ಕಲಿಸಿದವರು. ಅದನ್ನು ಅವಳೇ ತೀರ್ಮಾನಿಸಲಿ ಎಂದೆ.

ಅವಳು ಸಂಜೆಯ ತನಕ ಕುಳಿತು ಹಾಳೆಗಳನ್ನು ತಿದ್ದಿದಳು. ಆಮೇಲೂ ಅವು ಮೂರು ಮೂರೇ ಆಗಿ ಉಳಿದವು. ಕೊಚ್ಚಿಯದರಲ್ಲಿ ಮಲಯಾಳದ ಎದುರು ಮಾತಿಗೆ ಗುರುತಿತ್ತು, ಓದಿಗೆ ಸಾಧಾರಣವೆಂದಿತ್ತು, ಬರವಣಿಗೆಯ ಅಂಕಣದಲ್ಲಿ ಕಲಿಯುತ್ತಿದ್ದೇನೆ ಎಂದಿತ್ತು. ಆ ಮಾತನ್ನು ಬರೆದ ಮೇಲೆ ಕಲಿಯದೆ ಇರುವಂತಿಲ್ಲ. ಈಗ ರಾತ್ರಿ ಊಟವಾದ ಮೇಲೆ ನೆರೆಮನೆಯ ಟೀಚರಲ್ಲಿ ಕೂಡಕ್ಷರ ತಿದ್ದುತ್ತಿದ್ದಾಳೆ. ಕೊಚ್ಚಿಯಿಂದ ಉತ್ತರ ಇನ್ನೂ ಬಂದಿಲ್ಲ.