ಯಜಮಾನನಿಲ್ಲದ ಕೆಲಸ

ಓದುಗರೇ, ನಿಮ್ಮ ಮುಂದೆ ಒಂದು ಪ್ರಶ್ನೆ. ಕಾರ್ಖಾನೆಯಲ್ಲಿ ದುಡಿಯುವವನ ಮೇಲೆ ಮೇಸ್ತ್ರಿಯ ಕಣ್ಣಿರುತ್ತದೆ. ಕಚೇರಿಯ ಗುಮಾಸ್ತನಿಗೆ ಹಾಜರಿ ಪುಸ್ತಕವಿದೆ, ಮೇಲಧಿಕಾರಿಯಿದ್ದಾನೆ. ಆದರೆ ತನ್ನ ಮನೆಯ ಮೂಲೆಯಲ್ಲಿ ಕುಳಿತು, ತನ್ನದೇ ಇಕ್ಕಳ, ತಂತಿ, ಮಣಿಗಳಿಂದ ಓಲೆ, ಸರ, ಬಳೆಗಳನ್ನು ಮಾಡಿ ಮಾರುವವರ ಮೇಲೆ ಯಾರ ಕಣ್ಣಿದೆ?

ಇಂದು ನಮ್ಮ ಊರುಗಳಲ್ಲಿ ಅನೇಕ ಸಹೋದರಿಯರೂ ಯುವಕರೂ ಈ ಕಸುಬನ್ನು ಆರಿಸಿಕೊಂಡಿದ್ದಾರೆ. ಅವರಿಗೆ ತಿಂಗಳ ಸಂಬಳವಿಲ್ಲ. ಮದುವೆ, ಹಬ್ಬಗಳ ಕಾಲದಲ್ಲಿ ಬಿಡುವಿಲ್ಲದಷ್ಟು ಕೆಲಸ, ಉಳಿದ ಕಾಲದಲ್ಲಿ ಬರಿಗೈ. ಆದರೂ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ ಎಂಬ ಸಮಾಧಾನ ಅವರಿಗಿದೆ. ಈ ಸ್ವಾತಂತ್ರ್ಯದ ಅರ್ಥವೇನು? ಇದನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲನೆಯದಾಗಿ, ಈ ಕಸುಬು ಕೀಳಲ್ಲ. ವಿದ್ಯಾವಂತ ಹೆಣ್ಣುಮಗಳು ಮನೆಯಲ್ಲಿ ಕುಳಿತು ಮಣಿ ಪೋಣಿಸುತ್ತಾಳೆಂದರೆ 'ಕೆಲಸವಿಲ್ಲದೆ ಹೊತ್ತು ಕಳೆಯುತ್ತಾಳೆ' ಎನ್ನುವವರಿದ್ದಾರೆ. ಮದುವೆಯ ಮಾತುಕತೆಯಲ್ಲಿ ಹುಡುಗ ಕೈಕಸುಬಿನವನೆಂದರೆ ಮುಖ ತಿರುಗಿಸುವವರೂ ಇದ್ದಾರೆ. ಇವರು ಪ್ರವಾದಿಗಳ ಚರಿತ್ರೆಯನ್ನು ಮರೆತಿದ್ದಾರೆ. ರಾಜ್ಯವಾಳಿದ ಹ. ದಾವೂದ್(ಅ) ಕಬ್ಬಿಣವನ್ನು ಬಾಗಿಸಿ ಯುದ್ಧ ಕವಚಗಳನ್ನು ತಯಾರಿಸುತ್ತಿದ್ದರು, ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರು. ಹ. ಝಕರಿಯ್ಯಾ(ಅ) ಬಡಗಿಯಾಗಿದ್ದರು. ಪ್ರವಾದಿವರ್ಯರ(ಸ) ಪತ್ನಿ ಹ. ಝೈನಬ್ ಬಿಂತ್ ಜಹಶ್(ರ) ಚರ್ಮ ಹದಮಾಡಿ, ಹೊಲಿದು, ಬಂದುದನ್ನು ದಾನ ಮಾಡುತ್ತಿದ್ದರು. ತಮ್ಮ ಪತ್ನಿಯರಲ್ಲಿ ಎಲ್ಲರಿಗಿಂತ ಉದ್ದನೆಯ ಕೈಯುಳ್ಳವಳು ಮೊದಲು ತಮ್ಮನ್ನು ಬಂದು ಸೇರುವಳೆಂದು ಪ್ರವಾದಿವರ್ಯರು(ಸ) ಹೇಳಿದಾಗ, ಪತ್ನಿಯರು ಕೈಗಳನ್ನು ಅಳೆದು ನೋಡಿದ್ದರಂತೆ. ಆದರೆ ಪ್ರವಾದಿವರ್ಯರ(ಸ) ನಂತರ ಅವರಲ್ಲಿ ಮೊದಲು ಇಹಲೋಕ ತ್ಯಜಿಸಿದವರು ಹ. ಝೈನಬ್(ರ). ಉದ್ದನೆಯ ಕೈಯೆಂದರೆ ದುಡಿದು ಕೊಡುವ ಕೈಯೆಂದು ಆಗಷ್ಟೇ ತಿಳಿಯಿತು.

ಆಭರಣವೂ ತನ್ನಷ್ಟಕ್ಕೆ ಕೆಟ್ಟ ವಸ್ತುವಲ್ಲ. ಸಮುದ್ರದಿಂದ ಧರಿಸುವ ಆಭರಣಗಳನ್ನು ಹೊರತೆಗೆಯುವುದನ್ನು ಪವಿತ್ರ ಕುರ್‌ಆನ್ ಅಲ್ಲಾಹನ ಅನುಗ್ರಹಗಳ ಸಾಲಿನಲ್ಲೇ ಎಣಿಸಿದೆ. ಪುರುಷರಿಗೆ ಚಿನ್ನ ನಿಷಿದ್ಧ, ದುಂದುಗಾರಿಕೆ ಎಲ್ಲರಿಗೂ ನಿಷಿದ್ಧ. ಈ ಮೇರೆಯೊಳಗೆ ಅಲಂಕಾರವು ಧರ್ಮಸಮ್ಮತ. ಆದ್ದರಿಂದ ಅದನ್ನು ತಯಾರಿಸುವವರ ಅನ್ನವೂ ಶುದ್ಧ.

ಆದರೆ ಅನ್ನ ಶುದ್ಧವಾಗಿಯೇ ಉಳಿಯಲು ಒಂದು ಶರತ್ತಿದೆ. ಅದೇ ಅಮಾನತು.

ಬೀದರಿನ ಕುಶಲಕರ್ಮಿಗಳ ಕೆಲಸವನ್ನು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಜ್ಜಿ ನುಣುಪು ಮಾಡುತ್ತಾರೆ. ಅದರ ಮೇಲೆ ಚಿತ್ತಾರ ಬರೆದು, ಉಳಿಯಿಂದ ಕೊರೆದು, ಆ ಸಂದಿಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಉಜ್ಜಿದಾಗ ಸತುವಿನ ಭಾಗ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹೂಜಿ, ತಟ್ಟೆಗಳಷ್ಟೇ ಅಲ್ಲದೆ ಓಲೆ, ಪದಕಗಳನ್ನೂ ಈಗ ಹೀಗೆ ಮಾಡುತ್ತಾರೆ. ಈ ಕಲೆಯ ಹಿರಿಯರಾದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಆದರೆ ನಾವಿಲ್ಲಿ ಗಮನಿಸಬೇಕಾದುದು ಬೇರೊಂದು ವಿಷಯ. ಸಂದಿಯನ್ನು ಎಷ್ಟು ಆಳ ಕೊರೆಯಲಾಗಿದೆ, ತಂತಿ ಎಷ್ಟು ಬಿಗಿಯಾಗಿ ಕೂತಿದೆ ಎಂಬುದು ಕೊಳ್ಳುವವನಿಗೆ ಕಾಣುವುದಿಲ್ಲ. ಆಳ ಸಾಲದಿದ್ದರೆ ತಂತಿ ಎಂದಾದರೊಮ್ಮೆ ಎದ್ದು ಬರುತ್ತದೆ. ಅಷ್ಟರಲ್ಲಿ ಮಾರಿದವನೆಲ್ಲೋ, ಕೊಂಡವನೆಲ್ಲೋ! ಉಳಿ ಹಿಡಿದ ಆ ಗಳಿಗೆಯಲ್ಲಿ ಅಲ್ಲಿರುವವರು ಇಬ್ಬರೇ: ಕೆಲಸಗಾರ ಮತ್ತು ಅವನನ್ನು ಸೃಷ್ಟಿಸಿದವನು. ಅಲ್ಲಾಹನನ್ನು ಕಾಣುತ್ತಿರುವಂತೆ ಆರಾಧಿಸಬೇಕು, ನಾವು ಅವನನ್ನು ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆ ಎಂದು ಪ್ರವಾದಿವರ್ಯರು(ಸ) ಕಲಿಸಿದ 'ಇಹ್ಸಾನ್' ನಮಾಝಿನ ಚಾಪೆಗಷ್ಟೇ ಸೀಮಿತವೇ? ಕೆಲಸದ ಮಣೆಯ ಮುಂದೆ ಅದು ಬೇಡವೇ?

ಇನ್ನು ವಸ್ತುವಿನ ಹೆಸರಿನ ಪ್ರಶ್ನೆ. 'ಜರ್ಮನ್ ಸಿಲ್ವರ್' ಎಂಬ ಲೋಹದಲ್ಲಿ ಬೆಳ್ಳಿಯ ಕಣವೂ ಇಲ್ಲ. ಅದು ತಾಮ್ರ, ನಿಕಲ್, ಸತುಗಳ ಮಿಶ್ರಣ. ನಿಕಲ್ ಒಗ್ಗದವರ ಕಿವಿ ತುರಿಸಿ, ಹುಣ್ಣಾಗುವುದುಂಟು. 'ಒಂದು ಗ್ರಾಂ ಚಿನ್ನ'ದ ಸರವೆಂದರೆ ಹಿತ್ತಾಳೆ ಅಥವಾ ತಾಮ್ರದ ಮೇಲೆ ಚಿನ್ನದ ತೆಳುವಾದ ಲೇಪ. ಯಂತ್ರದಲ್ಲಿ ಅಚ್ಚಾದ ಪದಕವನ್ನು ಸಗಟು ಅಂಗಡಿಯಿಂದ ತಂದು, ಕೊಂಡಿಯೊಂದನ್ನು ಸಿಕ್ಕಿಸಿ 'ಕೈಯಿಂದ ಮಾಡಿದ್ದು' ಎಂದು ಮಾರುವುದೂ ನಡೆಯುತ್ತಿದೆ. ಚಿನ್ನದ ಅಂಗಡಿಗಳಿಗಾದರೆ ಕಾನೂನಿದೆ. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಆರು ಅಕ್ಷರ-ಅಂಕಿಗಳ ಗುರುತಿಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಮಾರುವಂತಿಲ್ಲ. ಆದರೆ ಮನೆಯಲ್ಲಿ ಮಾಡಿದ ಹಿತ್ತಾಳೆಯ ಓಲೆಗೆ, ಗಾಜಿನ ಮಣಿಯ ಸರಕ್ಕೆ ಯಾವ ಮುದ್ರೆಯಿದೆ? ಅದನ್ನು ಮಾಡಿದವಳ ನಾಲಿಗೆಯೇ ಅದರ ಹಾಲ್‌ಮಾರ್ಕ್.

ಖೈಬರಿನ ಸಂದರ್ಭದಲ್ಲಿ ಫಝಾಲ ಬಿನ್ ಉಬೈದ್(ರ) ಎಂಬ ಸಹಾಬಿ ಚಿನ್ನವೂ ಮಣಿಗಳೂ ಕೂಡಿದ ಒಂದು ಸರವನ್ನು 12 ದೀನಾರ್‌ಗಳಿಗೆ ಕೊಂಡರು. ಬಿಡಿಸಿ ನೋಡಿದರೆ ಅದರಲ್ಲಿದ್ದ ಚಿನ್ನವೇ 12 ದೀನಾರ್‌ಗಳಿಗಿಂತ ಹೆಚ್ಚು! ವಿಷಯ ತಿಳಿದಾಗ ಪ್ರವಾದಿವರ್ಯರು(ಸ), ಬೇರ್ಪಡಿಸದೆ ಅಂಥದ್ದನ್ನು ಮಾರಬಾರದೆಂದರು. ಚಿನ್ನಕ್ಕೆ ಚಿನ್ನವನ್ನು ವಿನಿಮಯ ಮಾಡುವಾಗ ಬಡ್ಡಿ ನುಸುಳಬಾರದೆಂಬುದು ಈ ವಿಧಿಯ ಮುಖ್ಯ ಉದ್ದೇಶ. ಆದರೆ ಅದರಲ್ಲಿ ನಮಗೆ ಇನ್ನೊಂದು ಪಾಠವೂ ಇದೆ. ಇಲ್ಲಿ ನಷ್ಟವಾದದ್ದು ಕೊಂಡವರಿಗಲ್ಲ, ಮಾರಿದವರಿಗೆ. ಆದರೂ ಅದನ್ನು ಹಾಗೆಯೇ ಬಿಡಲಿಲ್ಲ. ಬೆರೆತದ್ದು ಬೆರೆತಂತೆಯೇ ಕೈಬದಲಾದರೆ ಇಬ್ಬರಲ್ಲಿ ಒಬ್ಬರ ಹಕ್ಕು ಕಳೆದುಹೋಗುತ್ತದೆ. ಯಾವುದು ಎಷ್ಟಿದೆ ಎಂದು ಇಬ್ಬರಿಗೂ ತಿಳಿದಿರಬೇಕು.

ಇಲ್ಲೊಂದು ಆಕ್ಷೇಪ ಬರುತ್ತದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಗಂಡನನ್ನು ಕಳೆದುಕೊಂಡು, ಎರಡು ಮಕ್ಕಳ ಶಾಲೆಯ ಶುಲ್ಕಕ್ಕಾಗಿ ಓಲೆ ಮಾಡಿ ಮಾರುವ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಗಿರಾಕಿ ಓಲೆಯನ್ನು ಹಿಡಿದು 'ಇದು ಬೆಳ್ಳಿಯಲ್ಲವೇ?' ಎಂದು ಕೇಳುತ್ತಾಳೆ. ಮೌನವಾಗಿ ನಕ್ಕರೆ ಸಾಕು, ಮಾರಾಟವಾಗುತ್ತದೆ. 'ಅಲ್ಲಮ್ಮಾ, ಇದರಲ್ಲಿ ಬೆಳ್ಳಿಯಿಲ್ಲ' ಎಂದರೆ ಗಿರಾಕಿ ಎದ್ದು ಹೋಗಬಹುದು, ಅಂದಿನ ಅಕ್ಕಿಯೂ ಹೋಗಬಹುದು. ಪಕ್ಕದ ಬೀದಿಯವನು ಸುಳ್ಳು ಹೇಳಿ ಎರಡು ಪಟ್ಟು ಸಂಪಾದಿಸುತ್ತಿದ್ದಾನೆ. ಸತ್ಯದ ಬೆಲೆಯನ್ನು ಬಡವಳೇ ತೆರಬೇಕೇ?

ಸತ್ಯ ಹೇಳಿದರೆ ವ್ಯಾಪಾರ ಕುದುರಿಯೇ ಕುದುರುತ್ತದೆ ಎಂಬ ಸುಲಭದ ಭರವಸೆಯನ್ನು ನಾವು ಕೊಡಲಾರೆವು. ಎಷ್ಟೋ ಸಲ ಕುದುರುವುದಿಲ್ಲ. ಆದರೆ ಮೌನವಾಗಿ ನಕ್ಕಾಗ ಅವಳು ಮಾರಿದ್ದೇನು? ಓಲೆಯನ್ನಲ್ಲ, ಇಲ್ಲದ ಬೆಳ್ಳಿಯನ್ನು ಮಾರಿದಳು. ಆ ಹಣದಲ್ಲಿ ಓಲೆಯ ಬೆಲೆಯಷ್ಟೇ ಅವಳದು, ಉಳಿದದ್ದು ಗಿರಾಕಿಯದು. ಆ ಗಿರಾಕಿಯೂ ಬೀಡಿ ಕಟ್ಟಿ ಕೂಡಿಟ್ಟ ಹಣವನ್ನೇ ತಂದಿರಬಹುದಲ್ಲವೇ? ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒಳಗಿನ ತೇವವನ್ನು ಕಂಡಾಗ, ಮಳೆಗೆ ನೆನೆಯಿತೆಂಬ ಸಮಜಾಯಿಷಿ ಬಂತು. ಒದ್ದೆಯಾದದ್ದು ಮಾರುವವನ ತಪ್ಪೆಂದು ಅವರು ಹೇಳಲಿಲ್ಲ. ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿದರು, ವಂಚಿಸುವವನು ತಮ್ಮವನಲ್ಲವೆಂದರು. ಬಡತನವೂ ಮಳೆಯಂತೆ, ಅದು ನಮ್ಮ ತಪ್ಪಲ್ಲ. ಒದ್ದೆಯನ್ನು ಅಡಗಿಸುವುದು ಮಾತ್ರ ನಮ್ಮ ಆಯ್ಕೆ.

ಆದರೆ ಆ ತಾಯಿಯೊಬ್ಬಳಿಗೇ ಉಪದೇಶ ಮಾಡಿ ಸುಮ್ಮನಾದರೆ ಅದು ಅನ್ಯಾಯವಾದೀತು. ಕೊಳ್ಳುವವರೇ, ನಿಮ್ಮೊಡನೆಯೂ ಒಂದು ಮಾತು. ದೊಡ್ಡ ಚಿನ್ನದ ಅಂಗಡಿಯಲ್ಲಿ ಮಜೂರಿ, ವೇಸ್ಟೇಜ್ ಎಂದು ಹಾಕಿದ್ದನ್ನು ಹೆಚ್ಚು ಚರ್ಚೆಯಿಲ್ಲದೆ ತೆರುವ ನಾವು, ಮೂರು ರಾತ್ರಿ ಕಣ್ಣು ನೋಯಿಸಿಕೊಂಡು ಮಣಿ ಪೋಣಿಸಿದವಳೊಡನೆ ಹತ್ತು ರೂಪಾಯಿಗಾಗಿ ಚೌಕಾಸಿ ಮಾಡುತ್ತೇವೆ. ಮಣಿಯ ಬೆಲೆಯನ್ನು ಲೆಕ್ಕ ಹಾಕಿ, ಕೈಯ ಬೆಲೆಯನ್ನು ಬಿಟ್ಟುಬಿಡುತ್ತೇವೆ. ಮದುವೆಗೆಂದು ಮಾಡಿಸಿಕೊಂಡು, ಮದುವೆ ಮುಗಿದರೂ ಹಣ ಕೊಡದೆ ಅಲೆಸುವವರಿದ್ದಾರೆ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ ವಚನ ಕಾರ್ಖಾನೆಯ ಮಾಲಿಕನಿಗೆ ಮಾತ್ರ ಅನ್ವಯಿಸುತ್ತದೆಯೇ? ಮುಂಗಡ ಬೇಡಿಕೆಯ ಮೇಲೆ ಮಾಡಿಸಿಕೊಳ್ಳುವ ವ್ಯವಹಾರಕ್ಕೆ ಫಿಕ್ಹ್‌ನಲ್ಲಿ 'ಇಸ್ತಿಸ್ನಾ' ಎಂಬ ಹೆಸರಿದೆ. ಲೋಹ, ಅಳತೆ, ಮಾದರಿ, ಬೆಲೆಗಳನ್ನು ಮೊದಲೇ ಸ್ಪಷ್ಟಪಡಿಸಿ, ದಿನವನ್ನೂ ಗೊತ್ತುಮಾಡಿ ಒಂದು ಚೀಟಿಯಲ್ಲಿ ಬರೆದಿಟ್ಟರೆ ಎಷ್ಟೋ ಮನಸ್ತಾಪಗಳು ತಪ್ಪುತ್ತವೆ. ಬಡವಳು ಸತ್ಯವನ್ನೇ ಹೇಳಬೇಕೆಂದು ಬಯಸುವ ಸಮಾಜ, ಸತ್ಯ ಹೇಳಿದವಳಿಂದಲೇ ಕೊಳ್ಳುವ ಹೊಣೆಯನ್ನೂ ಹೊರಬೇಕು.

ಮಾದರಿಗಳನ್ನು ನಕಲು ಮಾಡುವ ವಿಷಯವೂ ಇದೆ. ಬಳ್ಳಿ, ಚಂದ್ರ, ಮಾವಿನಕಾಯಿಯ ಆಕಾರಗಳು ಯಾರೊಬ್ಬರ ಸೊತ್ತೂ ಅಲ್ಲ. ಆದರೆ ಒಬ್ಬಳು ತಿಂಗಳುಗಟ್ಟಲೆ ಚಿಂತಿಸಿ ರೂಪಿಸಿದ ಮಾದರಿಯನ್ನು ಹಾಗೆಯೇ ಎತ್ತಿಕೊಂಡು, ಅವಳ ಸರದ ಚಿತ್ರವನ್ನೇ ತನ್ನದೆಂದು ಮೊಬೈಲಿನಲ್ಲಿ ತೋರಿಸಿ ಬೇಡಿಕೆ ಪಡೆಯುವುದು ಬೇರೆ ಮಾತು. 1988ರಲ್ಲಿ ಕುವೈತಿನಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಗ್ರಂಥಕರ್ತೃತ್ವ, ಆವಿಷ್ಕಾರ, ವ್ಯಾಪಾರನಾಮಗಳನ್ನು ಅವುಗಳ ಒಡೆಯರ ಹಕ್ಕೆಂದು ಅಂಗೀಕರಿಸಿ, ಅವುಗಳ ಮೇಲೆ ಅತಿಕ್ರಮ ಸಲ್ಲದೆಂದು ನಿರ್ಣಯಿಸಿತು. ಕೈಯಿಂದ ಮುಟ್ಟಲಾಗದ್ದನ್ನೂ ಕದಿಯಬಹುದೆಂದು ಇದರಿಂದ ತಿಳಿಯುತ್ತದೆ.

ಯಜಮಾನನಿಲ್ಲದವರಿಗೆ ಸಮಯವೂ ಒಂದು ಪರೀಕ್ಷೆ. ಈದ್‌ನ ಹಿಂದಿನ ವಾರ ಕೆಲಸ ಮೇಲೆ ಬಿದ್ದಾಗ ಅಸರ್ ಜಾರಿ ಹೋಗುತ್ತದೆ. ಕೆಲಸವಿಲ್ಲದ ತಿಂಗಳಲ್ಲಿ ನಿರಾಶೆ ಆವರಿಸುತ್ತದೆ. ಅನ್ನದಾತನು ಗಿರಾಕಿಯೆಂದು ನಂಬಿದವನಿಗೆ ಗಿರಾಕಿ ಬಾರದ ದಿನ ದೇವರೇ ಇಲ್ಲವಾಗುತ್ತಾನೆ. ಒಂಟೆಯನ್ನು ಕಟ್ಟಿಹಾಕಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬುದು ಪ್ರವಾದಿ ಬೋಧನೆ. ಕೆಲಸವಿರುವ ತಿಂಗಳಲ್ಲಿ ಒಂದಿಷ್ಟು ಎತ್ತಿಡುವುದು, ಬಿಡುವಿನಲ್ಲಿ ಹೊಸ ಕೆಲಸ ಕಲಿಯುವುದು ನಮ್ಮ ಕಾಲದ ಒಂಟೆ ಕಟ್ಟುವಿಕೆ. ಗಳಿಕೆ ಕೂಡಿದವರು ಝಕಾತನ್ನೂ ಮರೆಯಬಾರದು. ಇಕ್ಕಳ, ಸುತ್ತಿಗೆಗಳಿಗೆ ಝಕಾತ್ ಇಲ್ಲ. ಆದರೆ ಮಾರಾಟಕ್ಕಿಟ್ಟ ಒಡವೆ, ಮಣಿ, ಲೋಹಗಳ ಬೆಲೆ ಮತ್ತು ಕೈಯಲ್ಲಿರುವ ಹಣ ಸೇರಿ ನಿಸಾಬ್ ತಲುಪಿ ಚಾಂದ್ರಮಾನ ವರ್ಷವೊಂದು ಕಳೆದರೆ ಶೇಕಡಾ 2.5 ಬಡವರ ಹಕ್ಕು.

ಪ್ರಿಯ ಓದುಗರೇ, ಯಜಮಾನನಿಲ್ಲದ ಕೆಲಸವೆಂಬುದು ಲೋಕದಲ್ಲಿಲ್ಲ. ಕೆಲವರಿಗೆ ಲಾಭವೇ ಯಜಮಾನ, ಕೆಲವರಿಗೆ ಗಿರಾಕಿಯ ಹೊಗಳಿಕೆ, ಕೆಲವರಿಗೆ ನಾಳಿನ ಭಯ. ಸತ್ಯವಿಶ್ವಾಸಿಯು ಇವೆಲ್ಲವುಗಳ ಗುಲಾಮಗಿರಿಯಿಂದ ಬಿಡಿಸಿಕೊಂಡು ಒಬ್ಬನಿಗೆ ಮಾತ್ರ ಉತ್ತರಿಸುವವನು. ನೀವು ಈಗ ಮಾಡುತ್ತಿರುವ ಕೆಲಸ ಯಾವುದೇ ಇರಲಿ, ಅದರಲ್ಲಿ ಯಾರಿಗೂ ಕಾಣದ ಒಂದು ಸಂದಿ ಇದ್ದೇ ಇರುತ್ತದೆ. ಅದನ್ನೊಮ್ಮೆ ನೋಡಿಕೊಳ್ಳಿ. ಕಾಣದ ಕಡೆಯಲ್ಲೂ ಪ್ರಾಮಾಣಿಕವಾಗಿರುವ ಕೈಗಳನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.