ವಾಹನದ ಬಲವೂ ಒಡೆಯನ ಧರ್ಮವೂ

ತಾನು ದುಡಿದು ಗಳಿಸಿದ ಹಣದಿಂದ ಕೊಂಡ ವಸ್ತುವನ್ನು ಮನುಷ್ಯನು ತನಗೆ ಇಷ್ಟಬಂದಂತೆ ಬಳಸಬಹುದೇ ಎಂಬುದು ಹಳೆಯ ಪ್ರಶ್ನೆ. ಹೊಲ, ಹೊನ್ನು, ಧಾನ್ಯಗಳ ವಿಷಯದಲ್ಲಿ ಶರಣರು ಇದನ್ನು ಆಳವಾಗಿ ವಿಚಾರಿಸಿದ್ದಾರೆ. ಇಂದು ಅದೇ ಪ್ರಶ್ನೆ ಹೊಸ ವೇಷದಲ್ಲಿ ನಮ್ಮ ಅಂಗಳಕ್ಕೆ ಬಂದು ನಿಂತಿದೆ. ಅಧಿಕ ಬಲದ, ಅತಿವೇಗದ ಕಾರನ್ನು ಕೊಳ್ಳುವುದು, ಕಾರ್ಖಾನೆಯವರು ಕೊಟ್ಟ ಬಲ ಸಾಲದೆಂದು ಅದರ ಎಂಜಿನ್ನನ್ನೂ ಸೈಲೆನ್ಸರನ್ನೂ ಮಾರ್ಪಡಿಸುವುದು, ಅದನ್ನು ಊರೆಲ್ಲ ಕೇಳುವಂತೆ ಓಡಿಸುವುದು ಕೆಲವು ತರುಣರಿಗೆ ದೊಡ್ಡ ಹಂಬಲವಾಗಿದೆ. “ಹಣ ನನ್ನದು, ಕಾರು ನನ್ನದು, ನಾನು ಹೇಗೆ ಇಟ್ಟುಕೊಂಡರೆ ಯಾರಿಗೇನು?” ಎಂದು ಮಗನು ಕೇಳಿದರೆ ತಂದೆಯಾದವನು ಏನು ಹೇಳಬೇಕು? ಬರಿಯ ಗದರಿಕೆ ಈ ಮಾತಿಗೆ ಉತ್ತರವಾಗಲಾರದು. ವಿಚಾರದಿಂದಲೇ ಉತ್ತರ ಹೇಳಬೇಕು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವಾಹನವನ್ನು ಇಟ್ಟುಕೊಳ್ಳುವುದು ದೋಷವಲ್ಲ. ಯಲ್ಲಾಪುರ ತಾಲ್ಲೂಕಿನ ಉಮ್ಮಚಗಿಯ ಸುತ್ತಿನ ಪ್ರದೇಶವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಮನೆಗಳು ಪೇಟೆಯಂತೆ ಒತ್ತಾಗಿ ಸಾಲುಗೂಡಿಲ್ಲ. ಅಡಕೆಯ ತೋಟಗಳ ಅಂಚಿನಲ್ಲಿ, ಕಾಡಿನ ಮಗ್ಗುಲಲ್ಲಿ ಚದುರಿಕೊಂಡಿವೆ. ಮಳೆಗಾಲದ ನಡುರಾತ್ರಿಯಲ್ಲಿ ಹೆರಿಗೆಯ ನೋವು ಬಂದರೆ, ತೋಟದಲ್ಲಿ ಹಾವು ಕಚ್ಚಿದರೆ, ಶಿರಸಿಗೋ ಯಲ್ಲಾಪುರಕ್ಕೋ ಒಯ್ಯಲು ಯಾರಾದರೊಬ್ಬರ ಅಂಗಳದಲ್ಲಿ ವಾಹನವಿರಬೇಕು. ಅಂತಹ ವಾಹನವು ಒಡೆಯನ ಮನೆಗಷ್ಟೇ ಅಲ್ಲ, ಇಡೀ ಕೇರಿಗೆ ಆಸರೆ. ಅಂಬಿಗರ ಚೌಡಯ್ಯನವರ ಕೈಯಲ್ಲಿದ್ದ ದೋಣಿಯೂ ಒಂದು ವಾಹನವೇ ಆಗಿತ್ತಲ್ಲವೇ? ದಾಟಬೇಕಾದವರನ್ನು ದಾಟಿಸುತ್ತಿದ್ದುದರಿಂದ ಅದು ಕಾಯಕದ ಸಾಧನವಾಯಿತು.

ಆದರೆ ನಾವು ಈಗ ವಿಚಾರಿಸತಕ್ಕದ್ದು ಅವಶ್ಯಕತೆಗೆ ಮೀರಿದ ಬಲವನ್ನು ಕುರಿತು. ಇಂತಹ ಕಾರುಗಳ ಜಾತಿ ಪ್ರಸಿದ್ಧಿಗೆ ಬಂದುದು ಅಮೆರಿಕದಲ್ಲಿ. 1964ರಲ್ಲಿ ಪಾಂಟಿಯಾಕ್ ಕಂಪನಿಯವರು ಮಧ್ಯಮ ಗಾತ್ರದ ಕಾರಿನೊಳಗೆ ದೊಡ್ಡ ಕಾರಿನ ಎಂಟು ಸಿಲಿಂಡರುಗಳ ಎಂಜಿನ್ನನ್ನು ಕೂರಿಸಿ ಜಿ.ಟಿ.ಓ. ಎಂಬ ಹೆಸರಿನಿಂದ ಮಾರಿದರು. 6.4 ಲೀಟರಿನ ಆ ಎಂಜಿನ್ನಿಗೆ 325 ಅಶ್ವಶಕ್ತಿ. ಅದೇ ವರ್ಷ ಫೋರ್ಡ್ ಕಂಪನಿಯ ಮಸ್ಟ್ಯಾಂಗ್ ಹೊರಬಂದಿತು. ಮೈಕಟ್ಟಿನ ಬಲವನ್ನು ನೆನಪಿಸುವ ಈ ಬಗೆಯ ಕಾರುಗಳಿಗೆ ‘ಮಸಲ್ ಕಾರು’ ಎಂಬ ಹೆಸರು ನಿಂತಿತು. ಆ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಅಂಬಾಸಿಡರ್ ಕಾರಿನ ಬಲ 50 ಅಶ್ವಶಕ್ತಿಯ ಆಸುಪಾಸು. ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಇಡೀ ಸಂಸಾರ ಅದರಲ್ಲಿಯೇ ಯಾತ್ರೆ ಮಾಡಿ ಬರುತ್ತಿತ್ತು. ಮುಂದೆ ಅಮೆರಿಕದಲ್ಲಿ ವಿಮೆಯ ಕಂತು ಏರಿತು, ಹೊಗೆಯ ಕಾಯಿದೆ ಬಿಗಿಯಾಯಿತು, 1973ರಲ್ಲಿ ತೈಲದ ಬಿಕ್ಕಟ್ಟು ಬಂದಿತು. ಆ ಕಾರುಗಳ ಮೊದಲಿನ ವೈಭವ ಇಳಿಯಿತು. ಹಂಬಲ ಮಾತ್ರ ಇಳಿಯಲಿಲ್ಲ. 2016ರಲ್ಲಿ ಐದು ಲೀಟರಿನ, ಸುಮಾರು 400 ಅಶ್ವಶಕ್ತಿಯ ಮಸ್ಟ್ಯಾಂಗ್ ಭಾರತದ ಪೇಟೆಗೂ ಬಂದಿತು.

ಇಷ್ಟು ಬಲ ಬೇಕೇ ಎಂಬಲ್ಲಿ ಆಯ್ದಕ್ಕಿ ಲಕ್ಕಮ್ಮನವರ ವೃತ್ತಾಂತವನ್ನು ಸ್ಮರಿಸುವುದು ಉಚಿತ. ಪತಿ ಮಾರಯ್ಯನವರು ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ತುಂಬಿಕೊಳ್ಳಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಕ್ಕಿ ಕೆಟ್ಟ ವಸ್ತುವೆಂದು ಅವರು ಹೇಳಲಿಲ್ಲ. ನಮಗೆ ಸಾಕಾಗಿ ಮಿಕ್ಕಿದ್ದು ನಮ್ಮ ಪಾಲಿನದಲ್ಲ ಎಂಬುದು ಅವರ ನಡೆಯ ಅರ್ಥ. ಕಾರಿನ ಬಲವನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಘಟ್ಟವನ್ನು ಏರಲು, ಹೊರೆಯನ್ನು ಒಯ್ಯಲು ಬೇಕಾದ ಬಲ ನಮ್ಮದು. ಅದರ ಮೇಲಿನ ಬಲ ಯಾರ ಪಾಲಿನಿಂದ ಬಂದಿತು, ಯಾರ ಮೇಲೆ ಬೀಳುತ್ತದೆ?

ಇಲ್ಲಿ ಒಂದು ಆಕ್ಷೇಪ ಹುಟ್ಟುತ್ತದೆ. ಯಂತ್ರವನ್ನು ಪ್ರೀತಿಸುವುದೂ ಅದನ್ನು ಬಿಚ್ಚಿ ಕೂಡಿಸುವುದೂ ಒಂದು ವಿದ್ಯೆಯಲ್ಲವೇ? ಅದರ ಆನಂದವನ್ನು ಅಲ್ಲಗಳೆಯಬಹುದೇ? ಅಲ್ಲಗಳೆಯಬಾರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಕಾರ್ಖಾನೆ ಮುಚ್ಚಿದ ಮೇಲೂ ಆ ಗಾಡಿಗಳನ್ನು ತಮ್ಮ ಕೈಯಿಂದಲೇ ದುರಸ್ತಿ ಮಾಡಿ ದಶಕಗಳ ಕಾಲ ಜೀವಂತವಾಗಿಟ್ಟವರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಎಣ್ಣೆ ಮೆತ್ತಿದ ಆ ಕೈಗಳ ಕೆಲಸ ಕಾಯಕವೇ ಸರಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹದವರು ಹಳೆಯ ಕಾರುಗಳನ್ನು ಕಾಪಾಡಿ ಜನರಿಗೆ ತೋರಿಸುತ್ತಾರೆ. ಅಲ್ಲಿ ಒಡೆತನವೇ ಲೋಕಶಿಕ್ಷಣವಾಗಿದೆ. ಆದುದರಿಂದ ದೋಷ ಯಂತ್ರದಲ್ಲಿಲ್ಲ, ವಿದ್ಯೆಯಲ್ಲಿಲ್ಲ, ಆನಂದದಲ್ಲಿಯೂ ಇಲ್ಲ. ನಮ್ಮ ಆನಂದದ ಬೆಲೆಯನ್ನು ಅನ್ಯರಿಂದ ವಸೂಲು ಮಾಡುವುದರಲ್ಲಿ ದೋಷವಿದೆ.

ಹೇಗೆಂದರೆ, ಕಾರು ಒಬ್ಬನದಾದರೂ ರಸ್ತೆ ಎಲ್ಲರದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರಿಗೆ ಸೊಪ್ಪಿನ ಬೆಟ್ಟದ ಪದ್ಧತಿ ಚೆನ್ನಾಗಿ ಗೊತ್ತು. ತೋಟದ ಗೊಬ್ಬರಕ್ಕಾಗಿ ಬೆಟ್ಟದಿಂದ ಸೊಪ್ಪು ತರುವ ಸವಲತ್ತು ತೋಟದವನಿಗುಂಟು. ಬೆಟ್ಟದ ನೆಲ ಮಾತ್ರ ಅವನದಲ್ಲ. ತೋಟಕ್ಕೆ ಬೇಕಾದಷ್ಟು ಸೊಪ್ಪು ಕೊಯ್ದವನಿಗೆ ಬೆಟ್ಟ ಮರಳಿ ಚಿಗುರಿ ಕೊಡುತ್ತದೆ. ಕತ್ತಿ ಹರಿತವಾಗಿದೆಯೆಂದು ಕಂಡ ಮರವನ್ನೆಲ್ಲ ಬೋಳಿಸಿದವನು ತನ್ನ ತೋಟವನ್ನೂ ಕೆಡಿಸುತ್ತಾನೆ, ನೆರೆಯವನ ನೀರನ್ನೂ ಕೆಡಿಸುತ್ತಾನೆ. ರಸ್ತೆಯಲ್ಲಿ ನಮಗಿರುವ ಹಕ್ಕು ಇಂತಹದೇ. ಅದು ಬಳಕೆಯ ಹಕ್ಕು, ಒಡೆತನವಲ್ಲ. ಶಾಲೆಗೆ ನಡೆಯುವ ಮಗುವಿಗೆ, ಹುಲ್ಲಿನ ಹೊರೆ ಹೊತ್ತ ತಾಯಿಗೆ, ಮೇಯ್ದು ಮರಳುವ ದನಕ್ಕೆ ಅದರಲ್ಲಿ ಸಮಪಾಲುಂಟು.

ಈ ಪಾಲನ್ನು ವೇಗವು ಹೇಗೆ ಕಸಿಯುತ್ತದೆಂಬುದನ್ನು ಲೆಕ್ಕದಿಂದಲೇ ನೋಡಬಹುದು. ಗಂಟೆಗೆ 36 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 10 ಮೀಟರ್ ಸಾಗುತ್ತದೆ. ಎದುರಿಗಿರುವುದನ್ನು ಕಂಡು ಬ್ರೇಕ್ ತುಳಿಯಲು ಒಂದು ಸೆಕೆಂಡು ಹಿಡಿದರೆ, ಒಣ ರಸ್ತೆಯಲ್ಲಿ ಅದು ಸುಮಾರು 18 ಮೀಟರಿನೊಳಗೆ ನಿಲ್ಲುತ್ತದೆ. ವೇಗ 72 ಆದರೆ ಈ ದೂರ ಸುಮಾರು 53 ಮೀಟರ್. 108 ಆದರೆ ನೂರು ಮೀಟರನ್ನೂ ಮೀರುತ್ತದೆ. ವೇಗ ಎರಡು ಪಟ್ಟಾದಾಗ ಗಾಡಿಯ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುವುದೇ ಇದಕ್ಕೆ ಕಾರಣ. ಮಳೆಯಲ್ಲಿ ನೆನೆದ ಅರಬೈಲು ಘಟ್ಟದ ತಿರುವಿನಲ್ಲಿ ನೂರು ಮೀಟರ್ ಮುಂದೆ ಕಾಣುವುದೇ ಅಪರೂಪ. ಎಂಜಿನ್ನಿಗೆ ಎಷ್ಟು ಬಲ ಕೂಡಿಸಿದರೂ ನಿಲ್ಲುವ ದೂರ ಒಂದಡಿಯೂ ಕಡಿಮೆಯಾಗದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಮಡಿದರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಸರಕಾರದ ವರದಿ ಹೇಳುತ್ತದೆ. ಪ್ರತಿಯೊಂದು ಸಂಖ್ಯೆಯ ಹಿಂದೆಯೂ ದೀಪ ನಂದಿದ ಒಂದು ಮನೆಯಿದೆ.

ಇನ್ನು ಮಾರ್ಪಾಡಿನ ವಿಷಯ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಿಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಇಂತಹ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಎಂಬ ಶಿಕ್ಷೆ ಬಂದಿದೆ. ಆದರೆ ವಿಚಾರವಂತರು ಗಮನಿಸತಕ್ಕ ಅಂಶವೊಂದು ಆ ಕಾಯಿದೆಯಲ್ಲಿಯೇ ಉಂಟು. ಅಂಗವಿಕಲರ ಅನುಕೂಲಕ್ಕಾಗಿ ವಾಹನವನ್ನು ಮಾರ್ಪಡಿಸಲು ಅದು ಅವಕಾಶ ಕೊಡುತ್ತದೆ. ಕಾಲಿಲ್ಲದವನು ಕೈಯಿಂದಲೇ ಬ್ರೇಕ್ ಹಿಡಿಯುವಂತೆ ಬದಲಾಯಿಸುವವನೂ ಮೆಕ್ಯಾನಿಕ್ಕನೇ. ಸೈಲೆನ್ಸರ್ ಕಿತ್ತು ಗುಂಡು ಹಾರಿದಂತೆ ಸದ್ದು ಬರಿಸುವವನೂ ಮೆಕ್ಯಾನಿಕ್ಕನೇ. ವಿದ್ಯೆ ಒಂದೇ, ಸ್ಪ್ಯಾನರ್ ಒಂದೇ. ಮೊದಲನೆಯದರಿಂದ ಒಬ್ಬನಿಗೆ ಕಾಲು ಬಂದಿತು. ಎರಡನೆಯದರಿಂದ ಹಸುಗೂಸು ಬೆಚ್ಚಿಬಿದ್ದಿತು, ರೋಗಿಯ ನಿದ್ರೆ ಕೆಟ್ಟಿತು. ಕಾಯಕಕ್ಕೂ ಪ್ರದರ್ಶನಕ್ಕೂ ಇರುವ ಅಂತರ ಇಷ್ಟೇ.

“ನನ್ನ ಹಣ” ಎಂಬ ಮಾತನ್ನೂ ಒಮ್ಮೆ ಒರೆದು ನೋಡಬೇಕು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ತೆರಿಗೆ ಸಲ್ಲಿಸದ ಸುಮಾರು 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡರು. ಕಾರಿಗೆ ಕೋಟಿ ಕೊಡಲು ಒದಗಿದ ಹಣ, ಅದು ಓಡುವ ರಸ್ತೆಗೆ ಕೊಡಬೇಕಾದಾಗ ಒದಗಲಿಲ್ಲ! ದಾಸೋಹದ ಮಾತು ಹಾಗಿರಲಿ, ಋಣವನ್ನೇ ತೀರಿಸದವನು ‘ನನ್ನದು’ ಎನ್ನುವುದು ಯಾವ ನ್ಯಾಯ? ಅಡಕೆಗೆ ಬೆಲೆ ಬಂದ ವರ್ಷ ಸಾಲ ಮಾಡಿ ಇಂತಹ ಕಾರು ತಂದು, ಬೆಲೆ ಇಳಿದ ವರ್ಷ ತೋಟವನ್ನು ಒತ್ತೆಯಿಡುವ ಸಂಸಾರಕ್ಕೂ ಇದೇ ಮಾತು ಸಲ್ಲುತ್ತದೆ. ತಂದೆ ನೆಟ್ಟ ಮರದ ಫಲದಲ್ಲಿ ಮುಂದೆ ಹುಟ್ಟುವವರ ಪಾಲೂ ಸೇರಿದೆ.

ಹಾಗಾದರೆ ತಂದೆಯು ಮಗನಿಗೆ ಏನು ಹೇಳಬೇಕು? “ಬೇಡ” ಎಂಬ ಒಂದೇ ಮಾತಿನಿಂದ ಹಂಬಲ ಅಡಗುವುದಿಲ್ಲ. ವೇಗವನ್ನು ಪರೀಕ್ಷಿಸಲೇಬೇಕೆಂಬ ಆಸೆಯಿದ್ದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲಿ ಅದಕ್ಕೆಂದೇ ನಿರ್ಮಿಸಿದ ಓಟದ ಕಣವಿದೆ. ಶಿರಸ್ತ್ರಾಣ ಧರಿಸಿ, ನಿಯಮಕ್ಕೆ ತಲೆಬಾಗಿ, ತನ್ನ ಜೀವದ ಹೊಣೆ ಹೊತ್ತವರು ಅಲ್ಲಿ ಓಡಿಸುತ್ತಾರೆ. ಯಂತ್ರವಿದ್ಯೆಯ ಆಸೆಯಿದ್ದರೆ ಅದನ್ನು ಕ್ರಮವಾಗಿ ಕಲಿಯಲಿ. ಬಲದ ಕಾರನ್ನು ಕೊಂಡೇ ತರುವನಾದರೆ ತೆರಿಗೆ, ವಿಮೆಗಳನ್ನು ಪೂರ್ತಿಯಾಗಿ ಕಟ್ಟಲಿ. ಟಯರು, ಬ್ರೇಕುಗಳನ್ನು ಎಂಜಿನ್ನಿಗಿಂತ ಮೊದಲು ನೋಡಲಿ. ಹದಿನೆಂಟು ತುಂಬದ ಹುಡುಗನ ಕೈಗೆ ಮಾತ್ರ ಬೀಗದಕೈ ಕೊಡಲೇಕೂಡದು. 2019ರ ತಿದ್ದುಪಡಿಯಂತೆ ಅಪ್ರಾಪ್ತನು ಓಡಿಸಿ ಮಾಡಿದ ಅಪರಾಧಕ್ಕೆ ಪಾಲಕನಿಗೆ ಮೂರು ವರ್ಷದವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಉಂಟು. ಸೆರೆಯ ಭಯಕ್ಕಿಂತ ದೊಡ್ಡ ಭಯ, ಇನ್ನೊಬ್ಬರ ಮಗುವಿನ ತಾಯಿಗೆ ಮುಖ ತೋರಿಸಬೇಕಾದ ದಿನದ್ದು.

ಯಂತ್ರದ ಬಲವನ್ನು ನಾವು ಇಂದಿಗೂ ಕುದುರೆಯ ಲೆಕ್ಕದಲ್ಲಿಯೇ ಅಳೆಯುತ್ತೇವೆ. ಲಗಾಮನ್ನು ಬಿಟ್ಟುಕೊಟ್ಟರೆ ಯಾವ ಕುದುರೆಯೂ ಓಡುತ್ತದೆ. ಅದರಲ್ಲಿ ಸವಾರನ ಹೆಚ್ಚುಗಾರಿಕೆ ಏನೂ ಇಲ್ಲ. ನಾನೂರು ಅಶ್ವಗಳ ಬಲವನ್ನು ಕಾಲಡಿಯಲ್ಲಿ ಇಟ್ಟುಕೊಂಡು, ದಾರಿಯಲ್ಲಿ ಮುದುಕಿಯೊಬ್ಬಳು ಕಂಡೊಡನೆ ನಡಿಗೆಯ ವೇಗಕ್ಕೆ ಇಳಿಸಿ, ಅವಳು ದಾಟುವವರೆಗೆ ಕಾದು ನಿಲ್ಲುವವನೇ ಆ ಬಲದ ನಿಜವಾದ ಒಡೆಯ. ಅಷ್ಟು ತಾಳ್ಮೆ ಇಲ್ಲದವನ ಕೈಯಲ್ಲಿ ಐವತ್ತು ಅಶ್ವಶಕ್ತಿಯೂ ಅತಿಯೇ. ಮಕ್ಕಳಿಗೆ ವಾಹನದ ಬೀಗದಕೈ ಕೊಡುವ ಮೊದಲು ಈ ತಾಳ್ಮೆಯನ್ನು ಕಲಿಸುವುದು ಗೃಹಸ್ಥನಾದವನ ಧರ್ಮ.